ಹನ್ನೊಂದು ಲೇಟ್ ಮಾರ್ಕ್, ನಸೀಬಿನ ಖಾತೆಗೆ ಎಷ್ಟು?

ಡಿಸೆಂಬರ್ 10ರ ಬೆಳಗ್ಗೆ ಎಂಟೂಕಾಲಿಗೆ ಗೇಟು ತೆಗೆದು ನೋಡಿದರೆ ಕಾರು ಎಡಗಡೆಗೆ ವಾಲಿ ನಿಂತಿತ್ತು. ಹಿಂದಿನ ಎಡ ಗಾಲಿ ನೆಲಕ್ಕೆ ಅಂಟಿತ್ತು. ಮೂರು ವಾರದಲ್ಲಿ ಇದು ನಾಲ್ಕನೇ ಸಲ. ನಾಲ್ಕೂ ಸಲ ಅದೇ ಗಾಲಿ. ನನಗೆ ಸಿಟ್ಟು ಕೂಡ ಬರಲಿಲ್ಲ. ಡಿಕ್ಕಿ ತೆಗೆದೆ, ಸ್ಟೆಪ್ನಿ ಇಳಿಸಿದೆ, ಜ್ಯಾಕ್ ಹಚ್ಚಿದೆ. ಕೈಗೆ ಕೆಲಸ ರೂಢಿಯಾಗಿಬಿಟ್ಟಿತ್ತು.

ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಸುಮ್ಮನಿರಲಿಲ್ಲ. "ಸಾಡೇಸಾತಿ ಸುರು ಆಗೇತ್ರಿ ನಿಮಗ. ಶನಿವಾರ ತುಳಸಿಗೇರಿ ಹಣಮಪ್ಪಗ ಹೋಗಿ ಬರೂಣು" ಅಂದಳು. ತುಳಸಿಗೇರಿ ನನ್ನ ದಾರಿಯಲ್ಲೇ ಇದೆ. ದಿನಾ ಎರಡು ಸಲ ಹಣಮಪ್ಪನ ಮುಂದೆಯೇ ಹಾಯುತ್ತೇನೆ. ಕಾರಿನ ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಆಗಲೇ ತೂಗುತ್ತಿತ್ತು. ಅದು ಮೂರನೇ ಪಂಚರ್‌ ಆದಾಗ ಕಟ್ಟಿದ್ದು.

ನಾನು ಲೆಕ್ಕದ ಕೆಲಸದವನು. ಬಾಗಲಕೋಟೆ ನವನಗರದಲ್ಲಿ ಮನೆ, ಮುಧೋಳದಲ್ಲಿ ಕಚೇರಿ. ಹೋಗೋಕೆ ಐವತ್ತು ಕಿಲೋಮೀಟರ್ ಆಸುಪಾಸು, ಬರೋಕೆ ಅಷ್ಟೇ. ಗದ್ದನಕೇರಿ ಕ್ರಾಸ್, ತುಳಸಿಗೇರಿ, ಕಲಾದಗಿ, ಲೋಕಾಪುರ, ಅಲ್ಲಿಂದ ಮುಧೋಳ. ಕಾರು ಏಳು ವರ್ಷದ್ದು, ಪೆಟ್ರೋಲ್, ಸಣ್ಣದು. ಒಬ್ಬನೇ ಓಡಿಸಿದರೆ ಸಂಬಳ ಪೆಟ್ರೋಲ್ ಬಂಕಿಗೇ ಹೋಗುತ್ತೆ. ಅದಕ್ಕೆ ವಿದ್ಯಾಗಿರಿಯಿಂದ ಸಹೋದ್ಯೋಗಿ ಮೇಡಂ ಒಬ್ಬರು ಜೊತೆಗೆ ಬರುತ್ತಾರೆ, ಖರ್ಚು ಅರ್ಧ ಅರ್ಧ. ಹಾಗಾಗಿ ನಾನು ಲೇಟ್ ಆದರೆ ಅವರೂ ಲೇಟ್. ನಮ್ಮಲ್ಲಿ ಮೂರು ಲೇಟಿಗೆ ಒಂದು ಸಿಎಲ್, ಅಂದರೆ ಒಂದು ದಿನದ ಸಾಂದರ್ಭಿಕ ರಜೆ, ಕತ್ತರಿ. ಹತ್ತು ಗಂಟೆ ಹತ್ತು ನಿಮಿಷದ ಮೇಲೆ ಹೆಬ್ಬೆರಳು ಒತ್ತಿದರೆ ಮಷೀನು ಯಾರ ಮುಖವನ್ನೂ ನೋಡೋದಿಲ್ಲ.

ಡಿಸೆಂಬರ್ 10ರ ರಾತ್ರಿ ಮೇಡಂ ಫೋನ್ ಮಾಡಿದರು. "ಸರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ನಾ ಇನ್ಮ್ಯಾಲೆ ಬಸ್ಸಿಗೇ ಬರ್ತೀನ್ರಿ." ಬೈದಿದ್ದರೂ ನಡೆಯುತ್ತಿತ್ತು. ಅಷ್ಟು ಮೆತ್ತಗೆ ಹೇಳಿದ್ದಕ್ಕೇ ಚುರುಕ್ಕೆಂದಿತು. ಆ ರಾತ್ರಿ ಮಗಳ ಹಳೇ ನೋಟ್‌ಬುಕ್ ಒಂದನ್ನು ತೆಗೆದುಕೊಂಡು ಕೂತೆ. ನವೆಂಬರ್ 17ರಿಂದ ಲೇಟ್ ಆದ ದಿನಗಳನ್ನು ಒಂದೊಂದಾಗಿ ಬರೆದೆ. ಬೇರೆಯವರ ಖಾತೆಯಲ್ಲಿ ತಪ್ಪು ಹುಡುಕೋನು, ನನ್ನದೇ ಖಾತೆಯನ್ನು ಒಮ್ಮೆ ತಪಾಸಣೆ ಮಾಡೋಣ ಅಂತ. ಈ ಬರಹ ಆ ತಪಾಸಣೆಯ ವರದಿ.

ಆಮೇಲೆ ಸೇರಿದ್ದೂ ಹಿಡಿದು ಪೂರ್ತಿ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ನವೆಂಬರ್ 17ರಿಂದ ಡಿಸೆಂಬರ್ 18ರವರೆಗೆ ಕೆಲಸದ ದಿನ 26. ಲೇಟ್ ಆಗಿದ್ದು 11. ಅದರಲ್ಲಿ ಪಂಚರ್ 4, ಬ್ಯಾಟರಿ 2, ದಾರಿಯ ತೊಂದರೆ 3, ಕೀಲಿ ಕಾರಿನೊಳಗೇ ಬಿಟ್ಟು ಬಾಗಿಲು ಹಾಕಿಕೊಂಡಿದ್ದು 1. ಆ ಕೀಲಿಯ ವಿಷಯ ಜಾಸ್ತಿ ಬೇಡ. ಅಲ್ಲಿಗೆ ಹತ್ತಾಯಿತು. ಹನ್ನೊಂದನೆಯದು ಕೊನೆಗೆ.

ಪಂಚರ್‌ನಿಂದ ಶುರು ಮಾಡುತ್ತೇನೆ. ನವೆಂಬರ್ 19, 27, ಡಿಸೆಂಬರ್ 4, 10. ನಾಲ್ಕೂ ಸಲ ರಾತ್ರಿ ಚೆನ್ನಾಗಿಯೇ ಇದ್ದ ಗಾಲಿ ಬೆಳಗಾಗುವಷ್ಟರಲ್ಲಿ ಕೂತಿತ್ತು. ಹಾಗಾದರೆ ಮೊಳೆ ಎಲ್ಲಿ ಚುಚ್ಚಿತು? ಮನೆ ಮುಂದೆಯೇ ಅಲ್ವಾ? ನನ್ನ ತಲೆಗೆ ಹೊಳೆದಿದ್ದು ಅಷ್ಟೇ. ಪಕ್ಕದ ಸೈಟಿನಲ್ಲಿ ಮನೆ ಕಟ್ಟುತ್ತಿದ್ದಾರೆ. ಸೆಂಟ್ರಿಂಗ್ ಹಲಗೆ, ಹಲಗೆಯಲ್ಲಿ ಮೊಳೆ. ಎರಡನೇ ಪಂಚರ್ ಆದ ದಿನ ಆ ಕೆಲಸದವರ ಮೇಲೆ ಕೂಗಾಡಿದೆ. ಅವರ ಮೇಸ್ತ್ರಿ ಪಾಪ, ಹುಡುಗನೊಬ್ಬನನ್ನು ಹಚ್ಚಿ ಇಡೀ ಓಣಿ ಗುಡಿಸಿಸಿದ. ಎರಡು ಮೊಳೆ ಸಿಕ್ಕವು. ನಾನು ಗೆದ್ದವನ ಹಾಗೆ ಒಳಗೆ ಬಂದೆ. ಒಂದು ವಾರ ಬಿಟ್ಟು ಮೂರನೇ ಪಂಚರ್.

ನಾಲ್ಕನೆಯದು ಆದಾಗ ಪಂಚರ್ ಅಂಗಡಿಯ ಕಾಕಾ ಗಾಲಿಯನ್ನು ನೀರಿನ ತೊಟ್ಟಿಯಲ್ಲಿ ತಿರುಗಿಸುತ್ತಾ ನನ್ನ ಮುಖ ನೋಡಿದರು. ಗುಳ್ಳೆ ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಇಕ್ಕಳ ಹಚ್ಚಿ ಎಳೆದರು. ಬಂದಿದ್ದು ಮೊಳೆಯಲ್ಲ. ಎರಡು ಇಂಚಿನ ಸಣ್ಣ ಕಬ್ಬಿಣದ ಕಡ್ಡಿ. ಒಂದು ತುದಿ ಬೋಳು, ಇನ್ನೊಂದು ತುದಿಯಲ್ಲಿ ಬೂದು ಬಣ್ಣದ ಸುಟ್ಟ ಲೇಪ ಚೂರು ಅಂಟಿಕೊಂಡಿತ್ತು. ಆ ತುದಿ ಕರಗಿ ಚೂಪಾಗಿತ್ತು. ಕಾಕಾ ಅದನ್ನು ಅಂಗೈಯಲ್ಲಿಟ್ಟುಕೊಂಡು ಒಳಗೆ ಹೋಗಿ ಹಳೇ ಪೌಡರ್ ಡಬ್ಬಿ ತಂದು ಬಗ್ಗಿಸಿದರು. ನೂರಾರು ಮೊಳೆ, ಸ್ಕ್ರೂ, ಗಾಜಿನ ಚೂರು. ಅದರಲ್ಲಿ ಇಂಥದೇ ಕಡ್ಡಿ ಇನ್ನೂ ಮೂರು ಆರಿಸಿ ತೆಗೆದರು.

"ಈ ಮೂರೂ ನಿಮ್ಮವರಿ ಸರ. ಇದು ಮೊಳಿ ಅಲ್ಲ, ವೆಲ್ಡಿಂಗ್ ರಾಡಿನ ತುಂಡು. ನಿಮ್ಮ ನಸೀಬ ಅಲ್ರಿ ಇದು. ನೀವು ದಿನಾ ಎಲ್ಲೆ ಗಾಡಿ ನಿಲ್ಲಸ್ತೀರಿ, ಅದನ್ನ ನೋಡ್ರಿ ಮೊದಲ."

ಇಲ್ಲಿ ಎರಡು ವಿಷಯ ನನಗೆ ಗೊತ್ತಿರಲಿಲ್ಲ. ಒಂದು, ಟ್ಯೂಬ್‌ಲೆಸ್ ಗಾಲಿಗೆ ಏನಾದರೂ ಚುಚ್ಚಿದರೆ ಗಾಳಿ ಡಬ್ ಅಂತ ಹೋಗೋದಿಲ್ಲ. ಚುಚ್ಚಿದ್ದೇ ತೂತಿಗೆ ಬಿರಡೆಯಾಗಿ ಕೂರುತ್ತೆ. ಸುತ್ತಲಿನ ಸಣ್ಣ ಸಂದಿಯಿಂದ ಗಾಳಿ ಸೋರುತ್ತಾ ಇರುತ್ತೆ. ಗಾಳಿಯ ಒತ್ತಡ 33 ಪಿಎಸ್ಐ ಇದ್ದಿದ್ದು ಸಂಜೆಗೆ 25 ಆದರೂ ಸ್ಟೇರಿಂಗ್ ಹಿಡಿದವನಿಗೆ ಹಿಂದಿನ ಗಾಲಿ ಗೊತ್ತಾಗಲ್ಲ. ರಾತ್ರಿಯೆಲ್ಲ ಸೋರಿ ಬೆಳಗ್ಗೆ ಕೂರುತ್ತೆ. ಅಂದರೆ ಗಾಲಿ ಕೂತ ಜಾಗ ಬೇರೆ, ಚುಚ್ಚಿದ ಜಾಗ ಬೇರೆ. ಸೆಂಟ್ರಿಂಗ್ ಮೇಸ್ತ್ರಿಯ ಮುಖ ನೆನಪಾಗಿ ಕಿವಿ ಬಿಸಿಯಾಯಿತು.

ಎರಡು, ಯಾವಾಗಲೂ ಹಿಂದಿನ ಗಾಲಿಯೇ ಯಾಕೆ ಅನ್ನೋದು. ನೆಲದಲ್ಲಿ ಅಡ್ಡ ಮಲಗಿದ ಕಡ್ಡಿ ಏನೂ ಮಾಡಲ್ಲ. ಮುಂದಿನ ಗಾಲಿ ಅದನ್ನು ಕೆದಕಿ ಎಬ್ಬಿಸುತ್ತೆ, ಎದ್ದು ನಿಂತ ಕಡ್ಡಿಯ ಮೇಲೆ ಹಿಂದಿನ ಗಾಲಿ ಹೋಗಿ ಕೂರುತ್ತೆ. ಎಡಗಡೆಯೇ ಯಾಕೆ ಅಂದರೆ ನಾನು ಗಾಡಿಯನ್ನು ಎಡಕ್ಕೆ ಇಳಿಸಿ ನಿಲ್ಲಿಸುತ್ತೇನೆ. ಬಲಗಾಲಿ ಡಾಂಬರಿನ ಮೇಲೆ, ಎಡಗಾಲಿ ಧೂಳಿನಲ್ಲಿ.

ಎಲ್ಲಿ ನಿಲ್ಲಿಸುತ್ತೇನೆ? ಇದಕ್ಕೆ ಸಾಕ್ಷಿ ಹುಡುಕಬೇಕಿರಲಿಲ್ಲ, ನನಗೆ ಚೆನ್ನಾಗಿಯೇ ಗೊತ್ತಿತ್ತು. ದಾರಿಯಲ್ಲಿ ಒಂದು ಚಹಾದಂಗಡಿ ಇದೆ. ಬೆಳಗ್ಗೆ ಬಿಸಿ ಬಿಸಿ ಮಿರ್ಚಿ ಬಿಡುತ್ತಾರೆ. ಎರಡು ಮಿರ್ಚಿ, ಅರ್ಧ ಚಹಾ, ಎಂಟು ನಿಮಿಷ. ಮೇಡಂ ಕಾರಲ್ಲೇ ಕೂತು ಗಡಿಯಾರ ನೋಡುತ್ತಾರೆ. ಅಂಗಡಿ ಮುಂದೆ ಬೇವಿನಮರದ ನೆರಳಿದೆ. ಅಲ್ಲಿ ಜಾಗ ಇಲ್ಲದಿದ್ದರೆ ಹತ್ತು ಹೆಜ್ಜೆ ಮುಂದೆ ಒಂದು ಶೆಡ್ಡಿನ ಪಕ್ಕ ನಿಲ್ಲಿಸುತ್ತೇನೆ. ಆ ಶೆಡ್ಡಿನಲ್ಲಿ ಏನು ನಡೆಯುತ್ತೆ ಅಂತ ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಕಾರಿನಲ್ಲಿರೋ ಕ್ಯಾಮೆರಾದ ಕಾರ್ಡಿನಲ್ಲಿ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತೆ, ಹಾಗಾಗಿ ಕೊನೆಯ ಕೆಲವು ದಿನದ್ದೇ ಉಳಿದಿತ್ತು. ಹಾಕಿ ನೋಡಿದೆ. ಡಿಸೆಂಬರ್ 9ರ ಬೆಳಗ್ಗೆ ಬೇವಿನಮರದ ಕೆಳಗೆ ಎರಡು ಬೈಕು, ಒಂದು ಟಂಟಂ ಆಟೋ. ನನ್ನ ಕಾರು ಮುಂದೆ ಹೋಗಿ ನಿಂತಿದೆ. ಗಾಜಿನ ಎದುರಿಗೆ, ಬರೀ ಎರಡು ಮಾರು ದೂರದಲ್ಲಿ, ಕಬ್ಬಿನ ಟ್ರೇಲರ್ ಒಂದರ ಕೆಳಗಿಂದ ನೀಲಿ ಕಿಡಿ ಹಾರುತ್ತಿದೆ.

ಕಬ್ಬಿನ ಸೀಜನ್ ಶುರುವಾಯಿತು ಅಂದರೆ ನಮ್ಮ ಕಡೆ ಟ್ರೇಲರ್ ರಿಪೇರಿ ಶೆಡ್ಡುಗಳಿಗೆ ಹಗಲು ರಾತ್ರಿ ಇಲ್ಲ. ಕೊಂಡಿ ಮುರಿದಿದ್ದು, ಸ್ಪ್ರಿಂಗ್ ಪಾಟಾ ತುಂಡಾಗಿದ್ದು, ಪಕ್ಕದ ಗೂಟ ಬಾಗಿದ್ದು. ವೆಲ್ಡಿಂಗ್ ಮಾಡುವವನು ರಾಡನ್ನು ಪೂರ್ತಿ ಸುಡೋಕಾಗಲ್ಲ. ಹಿಡಿಕೆ ಕಚ್ಚಿದ ಕಡೆ ಎರಡು ಇಂಚು ಉಳಿಯುತ್ತೆ. ಅದನ್ನು ಕೊಡವಿ ಒಗೆದು ಹೊಸದು ಸಿಕ್ಕಿಸುತ್ತಾನೆ. ದಿನಕ್ಕೆ ಎಷ್ಟು ಸಲ ಕೊಡವಬಹುದು, ನೀವೇ ಲೆಕ್ಕ ಹಾಕಿ.

ಮರುದಿನ ಹೋಗಿ ನಾಲ್ಕೂ ತುಂಡನ್ನು ಅವನ ಮುಂದೆ ಇಟ್ಟೆ. ಹುಡುಗ, ಇಪ್ಪತ್ತೈದೂ ದಾಟಿರಲಿಕ್ಕಿಲ್ಲ. ಕನ್ನಡಕ ಹಣೆಗೇರಿಸಿ ನೋಡಿದ. "ಬೇಕಂತ ಒಗದೀನೇನ್ರಿ ಅಣ್ಣಾರ? ಸೀಜನ್ನಾಗ ನಿಂತು ನೀರ ಕುಡ್ಯಾಕ ಪುರಸೊತ್ತಿಲ್ಲ ನನಗ." ಸ್ವಲ್ಪ ಹೊತ್ತು ಬಿಟ್ಟು, "ನೀವರ ಇಲ್ಲಿ ಯಾಕ ನಿಲ್ಲಸ್ತೀರಿ?" ಅಂದ. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಮಿರ್ಚಿ ಅಂತ ಹೇಳೋಕಾಗುತ್ತಾ? ಆದರೆ ಹುಡುಗ ಒಳ್ಳೆಯವನು. ಎರಡು ದಿನ ಬಿಟ್ಟು ನೋಡಿದರೆ ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ ಶೆಡ್ಡಿನ ಮುಂದೆ ನಾಯಿಮರಿ ಎಳೆದುಕೊಂಡು ಹೋದ ಹಾಗೆ ಎಳೆಯುತ್ತಿದ್ದ. ಅದರ ತುಂಬ ತುಂಡುಗಳು ಮುಳ್ಳುಹಂದಿಯ ಹಾಗೆ ಎದ್ದು ನಿಂತಿದ್ದವು.

ಸೆಂಟ್ರಿಂಗ್ ಮೇಸ್ತ್ರಿಗೆ ಕಲಾದಗಿಯಿಂದ ಎರಡು ಕಿಲೋ ಚಿಕ್ಕು ತಂದುಕೊಟ್ಟೆ. ಯಾಕೆ ಅಂತ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್ನು ಬ್ಯಾಟರಿ. ನವೆಂಬರ್ 24, ಸೋಮವಾರ. ಕೀಲಿ ತಿರುಗಿಸಿದರೆ ಕಟ ಕಟ ಕಟ. ಅಷ್ಟೇ. ಪಕ್ಕದ ಮನೆಯ ನಿವೃತ್ತ ಮಾಸ್ತರರ ಕಾರಿನಿಂದ ವೈರು ಕೊಟ್ಟು ಚಾಲೂ ಮಾಡಿದೆವು. ಮುಧೋಳಕ್ಕೆ ಹೋಗಿ ಬರುವಷ್ಟರಲ್ಲಿ ಚಾರ್ಜ್ ಆಯಿತು. ಮಂಗಳವಾರ ಒಂದೇ ಸಲಕ್ಕೆ ಶುರು. ಬುಧವಾರವೂ ಹಾಗೇ. ಮರೆತುಬಿಟ್ಟೆ. ಡಿಸೆಂಬರ್ 15, ಮತ್ತೆ ಸೋಮವಾರ, ಮತ್ತೆ ಕಟ ಕಟ. ಮಾಸ್ತರರು, "ಸೋಮವಾರ ನಿಮಗ ಆಗಿಬರೂದಿಲ್ಲ ಕಾಣಸ್ತದ" ಅಂದರು. ಇದೇ ಮಾತು ಒಂದು ವಾರ ಮೊದಲು ಹೇಳಿದ್ದರೆ ನಂಬಿಬಿಡುತ್ತಿದ್ದೆ. ಈಗ ವೆಲ್ಡಿಂಗ್ ರಾಡ್ ನೋಡಿದವನು ನಾನು. ನೋಟ್‌ಬುಕ್ ತೆಗೆದೆ. ಎರಡೂ ಸೋಮವಾರದ ಹಿಂದಿನ ಶನಿವಾರ ಯಾವುದು? ಒಂದು ನಾಲ್ಕನೇ ಶನಿವಾರ, ಒಂದು ಎರಡನೇ ಶನಿವಾರ. ಎರಡೂ ರಜೆ. ನಡುವಿನ ಎರಡು ಸೋಮವಾರಗಳಲ್ಲಿ ಕಾರು ಏನೂ ತಕರಾರು ಮಾಡಿರಲಿಲ್ಲ. ಅವುಗಳ ಹಿಂದಿನ ಶನಿವಾರ ಕಚೇರಿ ಇತ್ತು.

ತಪ್ಪು ಸೋಮವಾರದ್ದಲ್ಲ, ಕಾರು ನಿಂತ ತಾಸುಗಳದ್ದು. ಶುಕ್ರವಾರ ಸಂಜೆ ಏಳೂಕಾಲಿಗೆ ನಿಲ್ಲಿಸಿದ ಕಾರನ್ನು ಸೋಮವಾರ ಬೆಳಗ್ಗೆ ಎಂಟೂಕಾಲಿಗೆ ಮುಟ್ಟಿದರೆ 61 ತಾಸು. ಶನಿವಾರ ಕಚೇರಿ ಇದ್ದರೆ 37. ಯಾವುದೋ ಒಂದು ಸದ್ದಿಲ್ಲದೆ ಬ್ಯಾಟರಿ ಕುಡಿಯುತ್ತಿತ್ತು.

ಗಾಡಿ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಇನ್ನೊಬ್ಬ ಆಗಿದ್ದರೆ ಹೊಸ ಬ್ಯಾಟರಿ ಹಾಕಿ ಕಳಿಸುತ್ತಿದ್ದ. ನಾನೂ ಹಾಕಿಸಿಕೊಳ್ಳೋ ತಯಾರಿಯಲ್ಲೇ ಹೋಗಿದ್ದೆ. ಇವನು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ, ನಡುವೆ ಮೀಟರ್ ಸಿಕ್ಕಿಸಿ, ಬಾಗಿಲೆಲ್ಲ ಹಾಕಿ ಕೂತ. ಮೀಟರ್ 0.29 ಆಂಪಿಯರ್ ತೋರಿಸಿತು. ನಿಂತ ಕಾರಿನಲ್ಲಿ ಅದು 0.05ಕ್ಕಿಂತ ಕೆಳಗಿರಬೇಕು. "ಬ್ಯಾಟರಿ ಏನೂ ಆಗಿಲ್ರಿ ಸರ. ಯಾರೋ ರಾತ್ರಿ ಕುಂತು ಕುಡ್ಯಾಕತ್ತಾರ ಅದನ್ನ" ಅಂದ. ಒಂದೊಂದೇ ಫ್ಯೂಸ್ ಕಿತ್ತು ನೋಡಿದ. ಕ್ಯಾಮೆರಾದ ಫ್ಯೂಸ್ ತೆಗೆದಾಗ ಮೀಟರ್ 0.03ಕ್ಕೆ ಬಿತ್ತು.

0.29 ಅನ್ನೋದು ಕೇಳೋಕೆ ಏನೂ ಅಲ್ಲ. 61ರಿಂದ ಗುಣಿಸಿ ನೋಡಿ. ಹದಿನೇಳೂ ಮುಕ್ಕಾಲು ಆಂಪಿಯರ್ ತಾಸು ಹತ್ತಿರ ಹತ್ತಿರ. ನನ್ನ ಬ್ಯಾಟರಿಯ ಮೇಲೆ ಬರೆದಿರೋದೇ 35, ಅದೂ ನಾಲ್ಕು ವರ್ಷ ಹಳೆಯದು. ಮೇಲೆ ಡಿಸೆಂಬರಿನ ಚಳಿ. ಅರ್ಧಕ್ಕಿಂತ ಜಾಸ್ತಿ ಖಾಲಿಯಾದ ಬ್ಯಾಟರಿ ಸೆಲ್ಫ್ ಎಳೆಯುತ್ತಾ? 37 ತಾಸಿಗೆ ಹತ್ತೂಮುಕ್ಕಾಲು, ಅಷ್ಟನ್ನು ಹೇಗೋ ತಡೆದುಕೊಳ್ಳುತ್ತಿತ್ತು.

ಕ್ಯಾಮೆರಾ ಯಾಕೆ ಬಂತು ಅನ್ನೋದೂ ಒಂದು ಕಥೆ. ಹೋದ ವರ್ಷದ ಸೀಜನ್ನಿನಲ್ಲಿ ಟ್ರೇಲರಿನಿಂದ ಹೊರಗೆ ಚಾಚಿದ್ದ ಕಬ್ಬು ನನ್ನ ಬಾಗಿಲ ಮೇಲೆ ಉದ್ದಕ್ಕೆ ಗೆರೆ ಎಳೆದುಕೊಂಡು ಹೋಯಿತು. ಗಾಡಿ ನಿಲ್ಲಲೇ ಇಲ್ಲ. ಇನ್ನೊಮ್ಮೆ ಆದರೆ ಸಾಕ್ಷಿ ಇರಲಿ ಅಂತ ಕ್ಯಾಮೆರಾ ಹಾಕಿಸಿದೆ. ನಿಂತಾಗಲೂ ರೆಕಾರ್ಡ್ ಆಗಲಿ ಅಂತ ಬ್ಯಾಟರಿಗೇ ನೇರ ವೈರು ಕೊಡಿಸಿದ್ದು ನಾನೇ. ಒಂದು ದುರಾದೃಷ್ಟಕ್ಕೆ ಕಾವಲು ಇಟ್ಟೆ, ಆ ಕಾವಲುಗಾರನೇ ಮನೆಯ ಹಾಲು ಕುಡಿದ. ಆದರೆ ಪಂಚರಿನ ಕೇಸಿನಲ್ಲಿ ಸಾಕ್ಷಿ ಹೇಳಿದ್ದೂ ಅವನೇ, ಹಾಗಾಗಿ ಪೂರ್ತಿ ಬೈಯೋಕೂ ಮನಸ್ಸಿಲ್ಲ. ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು ಬರೋ ಫ್ಯೂಸಿಗೆ ಎಲೆಕ್ಟ್ರಿಷಿಯನ್ ವೈರು ಬದಲಾಯಿಸಿಕೊಟ್ಟ. 200 ರೂಪಾಯಿ.

ದಾರಿಯ ಮೂರರಲ್ಲಿ ಒಂದು ಗೋವಿನಜೋಳ. ಲೋಕಾಪುರದ ಆಚೆ ಅರ್ಧ ರಸ್ತೆಗೆ ಜೋಳ ಒಣಹಾಕಿ ಅಂಚಿಗೆ ತಲೆ ಗಾತ್ರದ ಕಲ್ಲು ಇಟ್ಟಿದ್ದರು. ಎದುರಿನಿಂದ ಲಾರಿ, ಹಿಂದೆ ಬಸ್ಸು, ನಡುವೆ ನಾನು. ಕಣ ಇಲ್ಲದವರು ಇನ್ನೆಲ್ಲಿ ಒಣಗಿಸಬೇಕು ಅನ್ನೋದೂ ಸರಿ. ಇಳಿದು ಎರಡು ಕಲ್ಲು ಸರಿಸಿದೆ, ಅಜ್ಜಿ ಒಬ್ಬರು ಬೈದು ಮತ್ತೆ ಅಲ್ಲೇ ಇಟ್ಟರು.

ಉಳಿದ ಎರಡು ಕಬ್ಬಿನ ಟ್ರ್ಯಾಕ್ಟರ್. ಇದರ ಬಗ್ಗೆ ನನಗೆ ನಿಜವಾಗಲೂ ಅನುಮಾನ ಇತ್ತು. ಯಾವ ಹೊತ್ತಿಗೆ ಹೊರಟರೂ ನನ್ನ ಮುಂದೆಯೇ ಒಂದು ಜೋಡಿ ಟ್ರೇಲರ್ ಹೇಗೆ ಬರುತ್ತೆ? ಕಾಯ್ದುಕೊಂಡು ನಿಂತಿರುತ್ತಾ? ನೋಟ್‌ಬುಕ್ಕಿನಲ್ಲಿ ಲೆಕ್ಕ ಹಾಕಿದ ಮೇಲೆ ನಗು ಬಂತು. ಕಲಾದಗಿ ದಾಟಿದ ಮೇಲೆ ನನ್ನ ದಿಕ್ಕಿನಲ್ಲಿ ಎರಡು ಕಿಲೋಮೀಟರಿಗೆ ಒಂದು ಟ್ರ್ಯಾಕ್ಟರ್ ಇದೆ ಅಂತ ಇಟ್ಟುಕೊಳ್ಳಿ. ಸೀಜನ್ನಿನಲ್ಲಿ ಅದು ಹೆಚ್ಚೇನಲ್ಲ. ಅದರ ವೇಗ ತಾಸಿಗೆ 20, ನನ್ನದು 60. ನಾನು ಅದಕ್ಕಿಂತ 40 ಜಾಸ್ತಿ. ಎರಡು ಕಿಲೋಮೀಟರ್ ಅಂತರ ಮುಚ್ಚೋಕೆ ಮೂರು ನಿಮಿಷ. ಅಂದರೆ ಪ್ರತಿ ಮೂರು ನಿಮಿಷಕ್ಕೆ ಒಂದರ ಬಾಲಕ್ಕೆ ಹೋಗಿ ಮುಟ್ಟಲೇಬೇಕು. ಟ್ರ್ಯಾಕ್ಟರ್ ನನ್ನ ಮುಂದೆ ಬರುತ್ತಿಲ್ಲ, ನಾನೇ ಅದರ ಹಿಂದೆ ಹೋಗಿ ನಿಲ್ಲುತ್ತಿದ್ದೇನೆ. ಜೋರಾಗಿ ಹೋದಷ್ಟೂ ಜಾಸ್ತಿ ಟ್ರ್ಯಾಕ್ಟರ್ ಸಿಗುತ್ತವೆ!

ಹಿಂದೆ ಸಿಕ್ಕಿಕೊಂಡರೆ ಎಷ್ಟು ನಷ್ಟ ಅಂತಲೂ ನೋಡಿದೆ. ಎರಡು ಕಿಲೋಮೀಟರ್ ಅದರ ಹಿಂದೆಯೇ ಹೋದರೆ ಆರು ನಿಮಿಷ. ನನ್ನ ವೇಗದಲ್ಲಿ ಎರಡು. ಹೋಗಿದ್ದು ನಾಲ್ಕು ನಿಮಿಷ. ನನಗೆ ಅರ್ಧ ತಾಸಿನ ಹಾಗೆ ಅನಿಸುತ್ತಿತ್ತು. ಮುಂದೆ ಕಬ್ಬಿನ ಗೋಡೆ, ಮೇಲಿಂದ ಉದುರೋ ಕಬ್ಬಿನ ಒಣ ರವದಿ, ಟ್ರ್ಯಾಕ್ಟರಿನಲ್ಲಿ ಕಿವಿ ಹರಿಯೋ ಹಾಡು. ಅಲ್ಲಿ ನಿಮಿಷ ಉದ್ದವಾಗದೆ ಏನಾಗುತ್ತೆ? ಅವರನ್ನೂ ಬೈಯೋಕಾಗಲ್ಲ. ಕಡಿದ ಕಬ್ಬು ತಡವಾದಷ್ಟೂ ಒಣಗಿ ತೂಕ ಕಳೆದುಕೊಳ್ಳುತ್ತೆ, ಬಾಡಿಗೆ ಟನ್ನಿನ ಲೆಕ್ಕದಲ್ಲಿ. ಅವರಿಗೆ ನನಗಿಂತ ಜಾಸ್ತಿ ಅವಸರ ಇದೆ, ಗಾಡಿಗೆ ಮಾತ್ರ ಇಲ್ಲ. ಹಿಂದೆ ಒಂದು ಕೆಂಪು ರೇಡಿಯಂ ಪಟ್ಟಿಯಾದರೂ ಅಂಟಿಸಬಾರದಾ ಅನ್ನೋ ಸಿಟ್ಟು ಮಾತ್ರ ಹಾಗೇ ಇದೆ. ಚಳಿಗಾಲದ ಸಂಜೆ ದೀಪ ಇಲ್ಲದ ಟ್ರೇಲರಿಗೆ ಹಿಂದಿನಿಂದ ಗುದ್ದಿ ಸತ್ತವರ ಸುದ್ದಿ ನಮ್ಮ ಕಡೆ ಪ್ರತಿ ಸೀಜನ್ನಿಗೂ ಬರುತ್ತೆ. ಅದನ್ನು ಯಾರ ನಸೀಬಿಗೂ ಬರೆಯಬಾರದು.

ನಾಲ್ಕು ನಿಮಿಷದಂತೆ ಮೂರು ಟ್ರ್ಯಾಕ್ಟರಿಗೆ ಹನ್ನೆರಡು ನಿಮಿಷ. ಮಿರ್ಚಿಗೆ ಎಂಟು. ಲೇಟ್ ಆದ ಆ ಎರಡೂ ದಿನ ನಾನು ಮಷೀನಿಗೆ ಹೆಬ್ಬೆರಳು ಕೊಟ್ಟಿದ್ದು ಹತ್ತು ಗಂಟೆ ಹದಿನಾಲ್ಕು ನಿಮಿಷಕ್ಕೆ ಮತ್ತು ಹದಿನಾರಕ್ಕೆ. ಮಿರ್ಚಿ ಕಳೆದರೆ ಎರಡೂ ದಿನ ಉಳಿಯುತ್ತಿದ್ದವು. ಈ ಸಾಲನ್ನು ನೋಟ್‌ಬುಕ್ಕಿನಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೇನೆ.

ಬರೆಯುತ್ತಾ ಇನ್ನೊಂದು ಕಂಡಿತು. 26ರಲ್ಲಿ 15 ದಿನ ಹೊತ್ತಿಗೆ ಸರಿಯಾಗಿ ಮುಟ್ಟಿದ್ದೆ. ಆ ಹದಿನೈದರಲ್ಲಿ ಒಂದು ದಿನವೂ ನೆನಪಿಲ್ಲ. ಏನು ಹಾಡು ಕೇಳಿದೆ, ದಾರಿಯಲ್ಲಿ ಏನು ಕಂಡೆ, ಏನೂ ಇಲ್ಲ.

ಡಿಸೆಂಬರ್ 18, ಗುರುವಾರ. ಗಾಲಿ ನಾಲ್ಕೂ 33. ಬ್ಯಾಟರಿ 12.6 ವೋಲ್ಟ್. ಕೀಲಿ ಜೇಬಿನಲ್ಲಿ. ಎಂಟು ಗಂಟೆಗೇ ಹೊರಟೆ, ಮಿರ್ಚಿ ಅಂಗಡಿ ಮುಂದೆ ನಿಲ್ಲಿಸಲಿಲ್ಲ. ವೆಲ್ಡಿಂಗ್ ಹುಡುಗನಿಗೆ ಹಾರ್ನ್ ಹೊಡೆದು ಕೈ ಮಾಡಿದೆ. ಒಬ್ಬನೇ ಇದ್ದೆ, ಮೇಡಂ ಬಸ್ಸಿನಲ್ಲಿ. ಲೋಕಾಪುರ ದಾಟಿ ಸ್ವಲ್ಪ ದೂರ ಹೋಗಿರಬೇಕು, ನನ್ನ ಮುಂದೆ ಇನ್ನೂರು ಮೀಟರ್ ದೂರದಲ್ಲಿ ಟ್ರ್ಯಾಕ್ಟರಿನ ಎರಡನೇ ಟ್ರೇಲರ್ ಕೊಂಡಿ ಕಳಚಿತು. ಒಂದು ಕ್ಷಣ ತಾನೇ ಓಡಿತು, ಆಮೇಲೆ ಮೂತಿ ನೆಲಕ್ಕೆ ಊರಿ ರಸ್ತೆಗೆ ಅಡ್ಡ ತಿರುಗಿ, ಮೆಲ್ಲಗೆ, ಎಮ್ಮೆ ಮಲಗಿದ ಹಾಗೆ ಮಗ್ಗುಲಾಯಿತು. ಕಬ್ಬೆಲ್ಲ ಡಾಂಬರಿನ ಮೇಲೆ. ಯಾರಿಗೂ ಏನೂ ಆಗಲಿಲ್ಲ, ಪುಣ್ಯ.

ಎರಡೂ ಕಡೆ ಗಾಡಿ ನಿಂತವು. ಹತ್ತು ನಿಮಿಷದಲ್ಲಿ ನನ್ನ ಹಿಂದೆ ಒಂದು ಬಸ್ಸು ಬಂದು ನಿಂತಿತು. ಕಿಟಕಿಯಿಂದ ಹೊರಗೆ ಇಣುಕಿದವರು ನಮ್ಮ ಮೇಡಂ. ನನ್ನ ಕಾರಿನ ನಂಬರ್ ನೋಡಿ ಹಣೆ ಬಡಿದುಕೊಂಡು ನಕ್ಕರು. ಇಳಿದು ಬಂದರು. ಟ್ರ್ಯಾಕ್ಟರ್ ಹುಡುಗ ಎಲ್ಲರಿಗೂ ಕೈ ಮುಗಿಯುತ್ತಾ, ಬಿದ್ದಿದ್ದರಲ್ಲೇ ಒಳ್ಳೆಯ ಜಲ್ಲೆ ಆರಿಸಿ ಮುರಿದು ಕೊಡುತ್ತಿದ್ದ. "ತಿನ್ರಿ ಸರ, ತಿನ್ರಿ ಅಕ್ಕಾರ, ತಪ್ಪಾತ್ರಿ." ಐವತ್ತು ನಿಮಿಷ ನಿಂತು ಕಬ್ಬು ತಿಂದೆವು. ಹೆಬ್ಬೆರಳಿನ ಮಷೀನು ನಮ್ಮಿಬ್ಬರಿಗೂ ಅಲ್ಲಿ ಕಾಯುತ್ತಿತ್ತು.

ನಾನು ಬಾನೆಟ್ ಮೇಲೆ ನೋಟ್‌ಬುಕ್ ಇಟ್ಟು ಹನ್ನೊಂದನೇ ಸಾಲು ಬರೆದೆ. ಕಾರಣ ಅನ್ನೋ ಕಡೆ ಪೆನ್ನು ನಿಂತಿತು.

"ನಸೀಬ ಅಂತ ಬರೀರಿ ಸರ, ಇದೊಂದರ" ಅಂದರು ಮೇಡಂ.

ಬರೆದೆ. ಅಷ್ಟರಲ್ಲಿ ಟ್ರ್ಯಾಕ್ಟರ್ ಹುಡುಗ ಮುರಿದ ಕೊಂಡಿಯನ್ನು ಕಾಲಿನಿಂದ ಒದೆಯುತ್ತಾ, "ಮೊನ್ನೆರ ವೆಲ್ಡಿಂಗ್ ಮಾಡಿಸೀನ್ರಿ ಇದನ್ನ" ಅಂದ.

ಎಲ್ಲಿ ಅಂತ ಕೇಳೋಕೆ ಮೇಡಂ ಬಾಯಿ ತೆರೆದರು. ಬೇಡ ಅಂತ ನಾನು ಸನ್ನೆ ಮಾಡಿದೆ.